ಊರಿನ ಹೆಸರು ಸಿಕ್ಕಿತು, ಆದರೆ ಯಾವ ಊರು?

ಅಮೆರಿಕಕ್ಕೆ ವಲಸೆ ಹೋದ ಪೋಲಿಷ್ ಮುತ್ತಜ್ಜ. ಅಲ್ಲಿನ ಹಳೇ ಜನಗಣತಿಯಲ್ಲಿ ಅವನು ಹುಟ್ಟಿದ ದೇಶ 'ಆಸ್ಟ್ರಿಯಾ' ಅಂತಿದೆ. ಇದು ತಪ್ಪಲ್ಲ. 1795ರಿಂದ 1918ರವರೆಗೆ ಸ್ವತಂತ್ರ ಪೋಲೆಂಡೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡಿದ್ದವು. ಆಸ್ಟ್ರಿಯಾ ಅಂದ್ರೆ ಹೆಚ್ಚಾಗಿ ದಕ್ಷಿಣದ ಗಲಿಷಿಯಾ ಪ್ರಾಂತ್ಯ. ಅಲ್ಲಿನ ಚರ್ಚ್ ದಾಖಲೆಗಳು ಲ್ಯಾಟಿನ್‌ನಲ್ಲಿವೆ.

ಮುಂದಿನದು ಹಡಗಿನ ಪಟ್ಟಿ. ಅದರಲ್ಲಿ 'ಡೊಂಬ್ರೋವಾ' ಅಂತ ಊರು ಸಿಕ್ಕಿತು ಅನ್ನಿ. ತಕ್ಷಣ ಕುಣೀಬೇಡಿ! ಪೋಲೆಂಡಿನಲ್ಲಿ ಆ ಹೆಸರಿನ ಊರು ಹತ್ತಾರಿವೆ. 1907ರ ನಂತರದ ಪಟ್ಟಿಗಳಲ್ಲಿ ಊರಲ್ಲಿ ಉಳಿದ ಹತ್ತಿರದ ಸಂಬಂಧಿಯ ಹೆಸರೂ ಇರುತ್ತೆ. ಅದನ್ನ, ಅಪ್ಪ-ಅಮ್ಮನ ಹೆಸರನ್ನ 'ಗೆನೆಟೆಕಾ' ಜಾಲತಾಣದ ಸೂಚಿಯಲ್ಲಿ ತಾಳೆ ಹಾಕಿ. ಹೊಂದದಿದ್ರೆ ಆ ಊರು ಬಿಟ್ಟುಬಿಡಿ. ಇಲ್ಲಾಂದ್ರೆ, ಅಷ್ಟು ದೂರ ಹೋಗಿ ಬೇರೆ ಯಾರದೋ ಅಜ್ಜನ ಸಮಾಧಿಗೆ ಹೂವಿಟ್ಟು ಬರ್ತೀರಿ.