ಮುಳಬಾಗಿಲ ಏಕಾದಶಿ: ವ್ರತವೂ ಡಾಂಭಿಕತೆಯೂ

ಉಪವಾಸದ ಹೆಸರಿನಲ್ಲಿ ನಡೆಯುವ ಡಾಂಭಿಕತೆಯನ್ನು ಖಂಡಿಸಿದವರು ವ್ರತಗಳನ್ನೇ ಒಪ್ಪದವರೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ಕಠಿಣ ವ್ರತವನ್ನು ಪಾಲಿಸುವ ಪರಂಪರೆಯ ಒಳಗಿನಿಂದಲೇ ಆ ಖಂಡನೆ ಎದ್ದುಬಂದುದಕ್ಕೆ ಮುಳಬಾಗಿಲಿನಿಂದ ಬೆಳೆದ ಹರಿದಾಸ ಪರಂಪರೆ ಸಾಕ್ಷಿಯಾಗಿದೆ. ಪಟ್ಟಣದ ಸಮೀಪದ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾಗಿರುವ ಶ್ರೀಪಾದರಾಜರು ಹದಿನೈದನೆಯ ಶತಮಾನದ ಮಾಧ್ವ ಯತಿಗಳು. ‘ರಂಗವಿಠಲ’ ಎಂಬ ಅಂಕಿತದಲ್ಲಿ, ಅಂದರೆ ಕೃತಿಯ ಕೊನೆಗೆ ಬರುವ ಮುದ್ರಿಕೆಯಲ್ಲಿ, ಕನ್ನಡ ದೇವರನಾಮಗಳನ್ನು ರಚಿಸಿದ ಅವರ ಬಳಿ ವ್ಯಾಸರಾಯರು ಶಾಸ್ತ್ರಾಧ್ಯಯನ ಮಾಡಿದರು, ವ್ಯಾಸರಾಯರಿಂದ ಪುರಂದರದಾಸರು ದಾಸದೀಕ್ಷೆ ಪಡೆದರು. ಭಕ್ತಿಯಿಲ್ಲದೆ, ಹೊಟ್ಟೆಪಾಡಿಗಾಗಿ ಜನರೆದುರು ಮೆರೆಸುವ ವಿರಕ್ತಿಗೆ ‘ಉದರವೈರಾಗ್ಯ’ ಎಂಬ ಹೆಸರಿಟ್ಟವರು ಇದೇ ಪುರಂದರದಾಸರು.

ಈ ಪರಂಪರೆಯ ಏಕಾದಶಿ ಹಗುರವಾದ ವ್ರತವಲ್ಲ. ದಶಮಿಯ ರಾತ್ರಿ, ಏಕಾದಶಿಯ ಎರಡು ಹೊತ್ತು, ದ್ವಾದಶಿಯ ರಾತ್ರಿ, ಹೀಗೆ ನಾಲ್ಕು ಊಟಗಳನ್ನು ಬಿಟ್ಟು, ದ್ವಾದಶಿಯ ಬೆಳಿಗ್ಗೆ ಪಾರಣೆ, ಎಂದರೆ ವ್ರತಸಮಾಪ್ತಿಯ ಭೋಜನ, ಮಾಡಬೇಕು. ಮಧ್ವಾಚಾರ್ಯರ ‘ಕೃಷ್ಣಾಮೃತಮಹಾರ್ಣವ’ ಇದರ ಮಹತ್ವವನ್ನು ವಿಸ್ತಾರವಾಗಿ ಪ್ರತಿಪಾದಿಸುತ್ತದೆ. ಶಾಸ್ತ್ರಕಾರರು ಏಕಾದಶಿಯನ್ನು ನಿತ್ಯವ್ರತವೆಂದು ಗಣಿಸುತ್ತಾರೆ. ಫಲವನ್ನು ಬಯಸಿ ಮಾಡುವ ಕಾಮ್ಯವ್ರತಕ್ಕಿಂತ ಭಿನ್ನವಾಗಿ, ನಿತ್ಯವ್ರತವನ್ನು ಕರ್ತವ್ಯವೆಂಬ ಒಂದೇ ಕಾರಣಕ್ಕೆ ಆಚರಿಸಬೇಕಾಗುತ್ತದೆ. ಫಲವನ್ನೇ ಬಯಸಬಾರದ ವ್ರತದಿಂದ ನೆರೆಹೊರೆಯವರ ಹೊಗಳಿಕೆಯನ್ನು ಬಯಸುವುದು ಆ ವ್ರತದ ಬುಡಕ್ಕೇ ಕೊಡಲಿ ಹಾಕಿದಂತೆ. ಭಗವದ್ಗೀತೆಯ ಮೂರನೆಯ ಅಧ್ಯಾಯವೂ ಕೈಕಾಲುಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನೇ ಮೆಲುಕುಹಾಕುವವನನ್ನು ಮಿಥ್ಯಾಚಾರಿ ಎಂದು ಕರೆಯುತ್ತದೆ.

ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ಶ್ರಾವಣ ಶನಿವಾರಗಳಲ್ಲಿ ಬರುವವರಲ್ಲಿ ಅನೇಕರು ಒಪ್ಪೊತ್ತು, ಎಂದರೆ ದಿನಕ್ಕೆ ಒಂದೇ ಊಟದ ನಿಯಮ, ಹಿಡಿದಿರುತ್ತಾರೆ. ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟುಗಳ ಫಲಾಹಾರ ಮಾಡುವುದನ್ನು ಡಾಂಭಿಕತೆಯೆಂದು ಹೀಗಳೆಯುವುದು ಸರಿಯಲ್ಲ. ಮೈಬಗ್ಗಿಸಿ ದುಡಿಯುವವರಿಗೆ ಅದೂ ದೊಡ್ಡ ತ್ಯಾಗವೇ. ಜ್ಯೇಷ್ಠ ಮಾಸದ ನಿರ್ಜಲ ಏಕಾದಶಿ ಬರುವುದು ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಕೊಯ್ಲು ನಡೆಯುವ ದಿನಗಳಲ್ಲಿ. ನೀರನ್ನೂ ಮುಟ್ಟದ ಆ ವ್ರತವನ್ನು ನೆರಳಿನಲ್ಲಿ ಕುಳಿತು ಪೂರೈಸಿದವನು, ಬಿಸಿಲಲ್ಲಿ ಬುಟ್ಟಿ ಹೊತ್ತು ಮಧ್ಯಾಹ್ನ ಮುದ್ದೆ ಉಂಡ ಕೂಲಿಯವನಿಗಿಂತ ತಾನು ಮೇಲೆಂದು ಭಾವಿಸಿದರೆ, ವ್ರತ ಅಲ್ಲಿಗೆ ಕೆಟ್ಟಿತು. ಮನೆಯ ಹಿರಿಯರ ಉಪವಾಸಕ್ಕೆಂದು ಬಗೆಬಗೆಯ ತಿಂಡಿ ಬೇಯಿಸುತ್ತ ತಾನು ಹಸಿದೇ ಇರುವ ಸೊಸೆಯ ದಣಿವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇನ್ನೂ ನೋವಿನ ಸಂಗತಿ.

ಕೋಲಾರದ ಮುಸ್ಲಿಮರು ರಂಜಾನ್ ತಿಂಗಳಲ್ಲಿ ಆಚರಿಸುವ ರೋಜಾಕ್ಕೂ ‘ನಿಯ್ಯತ್ತು’, ಅಂದರೆ ಮನಸ್ಸಿನ ಸಂಕಲ್ಪ, ಅತ್ಯಗತ್ಯ. ಸುಳ್ಳನ್ನು ಬಿಡದವನು ಅನ್ನ ನೀರು ಬಿಡುವುದು ದೇವರಿಗೆ ಬೇಕಿಲ್ಲವೆಂದು ಹದೀಸ್, ಎಂದರೆ ಪ್ರವಾದಿಗಳ ನುಡಿಗಳ ಸಂಗ್ರಹ, ತಿಳಿಸುತ್ತದೆ. ಕುರ್‌ಆನ್ ರೋಗಿಗಳಿಗೂ ಪ್ರಯಾಣಿಕರಿಗೂ ವಿನಾಯಿತಿ ಕೊಟ್ಟಂತೆ, ಏಕಾದಶಿಯ ನಿಯಮವೂ 8 ವರ್ಷ ತುಂಬದ ಮಕ್ಕಳನ್ನೂ 80 ದಾಟಿದ ವೃದ್ಧರನ್ನೂ ಕಡ್ಡಾಯದಿಂದ ಹೊರಗಿಟ್ಟಿದೆ. ಹೀಗಿರುವಾಗ, ಮಾತ್ರೆ ನುಂಗಲೆಂದು ಎರಡು ತುತ್ತು ಉಂಡ ಅಜ್ಜಿಯನ್ನು ವ್ರತಗೆಟ್ಟವಳೆಂದು ಹಂಗಿಸುವವರ ನಿಷ್ಠೆಯನ್ನೇ ಸಂಶಯಿಸಬೇಕಾಗುತ್ತದೆ.