ನೀರಿನ ಜಗಳದ ನಡುವೆ ವಿ.ಸಿ. ಫಾರಂ

ಮಂಡ್ಯದಲ್ಲಿ ಬಸ್ ಹತ್ತಿ ‘ಫಾರಂ ಗೇಟ್’ ಎಂದರೆ ಸಾಕು, ಕಂಡಕ್ಟರ್ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಕಾಗದಪತ್ರಗಳಲ್ಲಿ ಇದು ವಲಯ ಕೃಷಿ ಸಂಶೋಧನಾ ಕೇಂದ್ರ. ಜನರ ಬಾಯಲ್ಲಿ ವಿ.ಸಿ. ಫಾರಂ. ಒಳಗೆ ಭತ್ತ, ಕಬ್ಬು, ರಾಗಿ, ಮೇವಿನ ಬೆಳೆಗಳ ಪ್ರಯೋಗ ತಾಕುಗಳಿವೆ. ಒಂದೊಂದು ತಾಕಿಗೂ ತಳಿಯ ಹೆಸರು ಬರೆದ ಪುಟ್ಟ ಬೋರ್ಡು. ಕಾವೇರಿ ಗಲಾಟೆಯ ವರ್ಷಗಳಲ್ಲಿ ಟಿ.ವಿ. ಕ್ಯಾಮೆರಾಗಳೆಲ್ಲ ಮಂಡ್ಯದ ಸಂಜಯ ವೃತ್ತದಲ್ಲಿ ನಿಲ್ಲುತ್ತವೆ. ಆ ಗಲಾಟೆಗೆ ಒಂದಿಷ್ಟು ಉತ್ತರ ಸಿಗುವುದು ಮಾತ್ರ ಈ ತಾಕುಗಳಲ್ಲಿ.

ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಶುರುವಾದದ್ದು 1911ರಲ್ಲಿ. ಅಲ್ಲಿಂದ ಹೊರಟ ನಾಲೆಯನ್ನು ಹುಲಿಕೆರೆಯ ಸುರಂಗ ದಾಟಿಸಿ ಮಂಡ್ಯದ ಬಯಲಿಗೆ ಇಳಿಸಿದ್ದು ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ, 1930ರ ದಶಕದ ಆರಂಭ. ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎನ್ನಿಸಿಕೊಂಡದ್ದೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು. ಅದರ ಹಿಂದೆ ಇದ್ದವರು ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್. ಮಳೆ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಸೀಮೆಗೆ ನಾಲೆ ನೀರಿನ ಬೇಸಾಯ ಹೊಸದು. ಯಾವ ಮಣ್ಣಿಗೆ ಎಷ್ಟು ನೀರು, ಯಾವ ತಳಿ ಎಂದು ಯಾರಾದರೂ ಮಾಡಿ ತೋರಿಸಬೇಕಿತ್ತು. ವಿಶ್ವೇಶ್ವರಯ್ಯ ಕೆನಾಲ್ ಎಂಬ ನಾಲೆಯ ಹೆಸರನ್ನೇ ಹೊತ್ತ ವಿ.ಸಿ. ಫಾರಂ ಆ ಕೆಲಸಕ್ಕೆ ನಿಂತಿತು.

ನಾಲೆಯ ಮೊದಲ ಲೆಕ್ಕ 1.20 ಲಕ್ಷ ಎಕರೆ. ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿಯ ಪ್ರಕಾರ ಭತ್ತ, ಕಬ್ಬು, ಅರೆ ಖುಷ್ಕಿ ಬೆಳೆ ಒಂದೇ ಜಮೀನಿಗೆ ಸರದಿಯ ಮೇಲೆ ಬರಬೇಕು. ಹಾಗಾದರೆ ನಾಲೆಯ ಕೊನೆಯವರೆಗೂ ನೀರು ಮುಟ್ಟುತ್ತದೆ. ಆ ಸರದಿ ಉಳಿಯಲಿಲ್ಲ. ಅಚ್ಚುಕಟ್ಟು ಬೆಳೆಯಿತು, ಆಸೆ ಬೆಳೆಯಿತು, ಕಬ್ಬಿನ ಹಿಂದೆ ಕೂಳೆ ಬೆಳೆ, ಭತ್ತದ ಹಿಂದೆ ಮತ್ತೆ ಭತ್ತ. ಮೇಲಿನವರು ತೂಬು ತೆರೆದುಕೊಂಡೇ ಇದ್ದರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದವರಿಗೆ ಸಿಗುವುದು ಒಣ ಕಾಲುವೆ. ತಮಿಳುನಾಡಿನ ಹೆಸರು ಬರುವ ಮೊದಲೇ ನೀರಿನ ಜಗಳ ನಮ್ಮ ಊರೂರ ನಡುವೆ ಇತ್ತು. ಇದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ.

ದೊಡ್ಡ ಜಗಳಕ್ಕೆ ಬುನಾದಿ 1924ರ ಮೈಸೂರು–ಮದ್ರಾಸ್ ಒಪ್ಪಂದ. ಅದು ಬೀದಿಗೆ ಬಂದು ಬೆಂಕಿಯಾದದ್ದು 1991ರಲ್ಲಿ. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಎಂದು ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ಮುಖ್ಯಮಂತ್ರಿ ಬಂಗಾರಪ್ಪ ಅದನ್ನು ಮೀರಲು ಸುಗ್ರೀವಾಜ್ಞೆ ತಂದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಆದೇಶ ರಾಜಪತ್ರದಲ್ಲಿ ಪ್ರಕಟವಾದ ಕೂಡಲೇ ಬೆಂಗಳೂರಿನಲ್ಲಿ, ಮೈಸೂರು ಸೀಮೆಯಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ಗುಂಪುಗಳು ಬಿದ್ದವು. ಸಾವಿರಾರು ಮಂದಿ ಮನೆಮಠ ಬಿಟ್ಟು ಓಡಿದರು. ಹೊಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ತಮಿಳರಿಗೂ, ಆ ಆದೇಶಕ್ಕೂ ಏನು ಸಂಬಂಧ ಎಂದು ಕೇಳುವ ವ್ಯವಧಾನ ಆ ಗುಂಪುಗಳಿಗಿರಲಿಲ್ಲ. ಅದೇ 1991ರಲ್ಲಿ ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜು ಶುರುವಾಯಿತು. ಮೊದಲನೆಯದು ಸುದ್ದಿಯಾದಷ್ಟು ಎರಡನೆಯದು ಆಗಲಿಲ್ಲ.

ಆಮೇಲಿನ ಕತೆ ಗೊತ್ತಿರುವುದೇ. 2002ರಲ್ಲಿ ಮದ್ದೂರಿನ ಮಣ್ಣಿನವರೇ ಆದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. 2007ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಅಂಬರೀಷ್ ಕೇಂದ್ರ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಡಿಪೊ ಒಂದರಲ್ಲಿ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಸಿಕ್ಕಿದ್ದು ಕೋರ್ಟಿನ ವಾದದಿಂದ, ಸುಟ್ಟ ಬಸ್ಸಿನಿಂದ ಅಲ್ಲ.

ಬೀದಿಯ ಹಿಂಸೆ ಕೈಮೀರಿ ಹೋದರೆ ರೈತರ ಗತಿ ಏನಾಗುತ್ತದೆ ಎಂಬುದಕ್ಕೆ ಕೆರಿಬಿಯನ್ ಸಮುದ್ರದ ಹೈಟಿಯನ್ನು ನೋಡಬೇಕು. ಅಲ್ಲಿಯೂ ಆರ್ತಿಬೊನಿತ್ ಎಂಬ ನದಿ ಇದೆ, ಪೆಲಿಗ್ರ್ ಎಂಬ ಅಣೆಕಟ್ಟು ಇದೆ, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಕಣಿವೆ ಇದೆ. 1990ರ ದಶಕದಲ್ಲಿ ಅಕ್ಕಿಯ ಆಮದು ಸುಂಕ ಇಳಿಸಿದ್ದರಿಂದ ಅಮೆರಿಕದ ಅಕ್ಕಿ ನುಗ್ಗಿ ಆ ರೈತರ ಬೆನ್ನು ಮುರಿಯಿತು. 2021ರಲ್ಲಿ ಅಧ್ಯಕ್ಷರ ಕೊಲೆ. 2024ರ ಫೆಬ್ರವರಿ ಕೊನೆಗೆ ರಾಜಧಾನಿಯಲ್ಲಿ ಬಂದೂಕಿನ ಗ್ಯಾಂಗುಗಳು ಒಟ್ಟುಗೂಡಿ ದಾಳಿಗಿಳಿದವು. ಜೈಲು ಒಡೆದು ಸಾವಿರಾರು ಕೈದಿಗಳು ಹೊರಬಿದ್ದರು. ಕೀನ್ಯಾಕ್ಕೆ ಹೋಗಿದ್ದ ಪ್ರಧಾನಿ ಏರಿಯಲ್ ಆನ್ರಿ ದೇಶಕ್ಕೆ ಮರಳಲಾಗದೆ ರಾಜೀನಾಮೆ ಘೋಷಿಸಿದರು. ಅಕ್ಟೋಬರ್ 3ರಂದು ಆರ್ತಿಬೊನಿತ್ ಕಣಿವೆಯ ಪೊಂ-ಸೊಂದೆ ಪಟ್ಟಣದಲ್ಲಿ ಗ್ಯಾಂಗೊಂದು ಕನಿಷ್ಠ 70 ಜನರನ್ನು ಕೊಂದಿತು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಆ ಒಂದೇ ವರ್ಷ ಸತ್ತವರು 5,600ಕ್ಕೂ ಹೆಚ್ಚು. ಗದ್ದೆಗೆ ಹೋಗುವ ದಾರಿಗೂ ಗ್ಯಾಂಗಿಗೆ ಸುಂಕ ಕಟ್ಟಬೇಕಾದಾಗ ರೈತರು ಭೂಮಿ ಪಾಳು ಬಿಟ್ಟರು. ಮಂಡ್ಯ ಹೈಟಿಯಲ್ಲ, ಆಗುವುದೂ ಇಲ್ಲ. ನಮ್ಮಲ್ಲಿ ತೀರ್ಪು ಕೊಡುವ ಕೋರ್ಟಿದೆ, ನೀರು ಬಿಡುವ ತೀರ್ಮಾನಕ್ಕೆ ನೀರಾವರಿ ಸಲಹಾ ಸಮಿತಿ ಇದೆ, ಬಿತ್ತನೆ ಬೀಜಕ್ಕೆ ಫಾರಂ ಇದೆ. ಇವುಗಳಲ್ಲಿ ಕಡೆಯದನ್ನು ನಾವು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂಬುದಷ್ಟೇ ನನ್ನ ತಕರಾರು.

ಈ ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು. ರೈತರು ಅವರನ್ನು ರಾಗಿ ಬ್ರಹ್ಮ ಎಂದರು. 1950ರ ದಶಕದಿಂದ 1960ರ ದಶಕದವರೆಗೆ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ರಾಗಿ ತಳಿಗಳನ್ನು ಕೊಟ್ಟವರು ಅವರು. ಆಮೇಲೆ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ಸರಣಿಯನ್ನು ತಂದರು. ರಾಗಿಯ ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು. ಅದರಲ್ಲಿ ಸಂಕರ ಮಾಡುವುದೆಂದರೆ ಹುಡುಗಾಟವಲ್ಲ. ಮದುವೆಯನ್ನೂ ಆಗದೆ ಬದುಕನ್ನೆಲ್ಲ ರಾಗಿಗೇ ಕೊಟ್ಟ ಈ ಮನುಷ್ಯ ತೀರಿಕೊಂಡದ್ದು 1993ರಲ್ಲಿ. ರಾಜ್ಯದ ರಾಗಿ ಇಳುವರಿ ಏರಿದ್ದರಲ್ಲಿ ಅವರ ಪಾಲು ದೊಡ್ಡದು. ನಾಲೆಯಲ್ಲಿ ನೀರಿಲ್ಲದ ವರ್ಷ ಅಧಿಕಾರಿಗಳು ‘ಅರೆ ಖುಷ್ಕಿ ಬೆಳೆ ಹಾಕಿ’ ಎಂದಾಗ ಎಷ್ಟೋ ಮನೆಯ ಕೈಹಿಡಿಯುವುದು ರಾಗಿಯೇ.

ಕೆಲಸ ಅಲ್ಲಿಗೇ ನಿಂತಿಲ್ಲ. ತನು ಎಂಬ ಭತ್ತ ಇಲ್ಲಿನದು, ವಿ.ಸಿ.ಎಫ್. 0517 ಎಂಬ ಕಬ್ಬು ಫಾರಂನ ಹೆಸರನ್ನೇ ಹೊತ್ತಿದೆ. ಮಂಡ್ಯದ ಹೊಸ ಕೃಷಿ ವಿಶ್ವವಿದ್ಯಾಲಯದ ನೆಲೆಯೂ ಇದೇ ಆಗಿದೆ. ವಿಶ್ವವಿದ್ಯಾಲಯ ಬಂತೆಂದು ಕಟ್ಟಡ, ಕುರ್ಚಿಗಳ ಲೆಕ್ಕದಲ್ಲಿ ತಾಕುಗಳು ಸೊರಗಬಾರದು.

ಎಷ್ಟು ನೀರು ಬರಬೇಕು ಎಂದು ನಾವು ದೆಹಲಿಯವರೆಗೆ ಹೋಗಿ ಕೇಳಿದ್ದೇವೆ, ಕೇಳಲೇಬೇಕು. ಎಷ್ಟು ನೀರಿನಲ್ಲಿ ಬೆಳೆ ಆಗುತ್ತದೆ ಎಂದು ಕೇಳಲು ಮಂಡ್ಯದಿಂದ ಒಂದು ಬಸ್ ಸಾಕು. ಮುಂದಿನ ಸಲ ಸರದಿಯಂತೆ ಬಿಡುವ ಕಟ್ಟು ನೀರಿನ ಪ್ರಕಟಣೆ ಬಂದಾಗ, ಭತ್ತದ ಒಟ್ಟಲು ಬಿಡುವ ಮೊದಲು ಫಾರಂ ಗೇಟ್‌ನಲ್ಲಿ ಇಳಿದು ಬೀಜ ವಿಚಾರಿಸಿ. ಮಳವಳ್ಳಿಯ ಕೊನೆ ಭಾಗದವರು ತಪ್ಪದೆ ಬನ್ನಿ.