ಹಳೇ ಸರ್ವರ್‌ನಲ್ಲಿ ಕಾಣೆಯಾಗುವ ಡಿಸ್ಕ್‌ಗಳು

ಡೆಲ್ ಕಂಪನಿಯ ಪವರ್‌ಎಡ್ಜ್ ಆರ್710 ಸರ್ವರ್ 2009ರಲ್ಲಿ ಬಂತು. ಎರಡು ಪ್ರೊಸೆಸರ್, ಹದಿನೆಂಟು ಮೆಮೊರಿ ಸ್ಲಾಟ್, ಸದಾ ಎಸಿ ಕೋಣೆಯಲ್ಲೇ ವಾಸ. ಅಂದು ದೊಡ್ಡ ಆಫೀಸುಗಳಷ್ಟೇ ಕೊಳ್ಳುತ್ತಿದ್ದ ಇಂಥ ಯಂತ್ರಗಳು ಈಗ ಸೆಕೆಂಡ್‌ಹ್ಯಾಂಡ್ ಪೇಟೆಗೆ ಬಂದಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆ ಸರ್ವರ್ ಹುಡುಕಿ ತಂದು, ಮನೆಯ ಫೋಟೊ–ವಿಡಿಯೊ ಕೂಡಿಡಲೋ ಲಿನಕ್ಸ್ ಕಲಿಯಲೋ ಬಳಸುವವರಿದ್ದಾರೆ. ಡಿಸ್ಕ್ ಸಿಕ್ಕಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಮೇಲೆ ಅವರಲ್ಲಿ ಹಲವರಿಗೆ ಎದುರಾಗುವ ಸಂದೇಶ ಒಂದೇ: ಯಾವ ಡಿಸ್ಕೂ ಸಿಗಲಿಲ್ಲ.

ಡಿಸ್ಕ್ ಕೆಟ್ಟಿದೆ ಎಂಬ ಅನುಮಾನ ಮೊದಲು ಬರುವುದು ಸಹಜ. ಆದರೆ ಅನೇಕ ಸಲ ಅದು ಡೇಟಾ ಸೆಂಟರ್‌ಗೆಂದು ರೂಢಿಸಿಕೊಂಡ ಶಿಸ್ತನ್ನೇ ಪಾಲಿಸುತ್ತಿರುತ್ತದೆ. ಸಾವಿರಾರು ಡಿಸ್ಕ್‌ಗಳಿದ್ದ ಕಡೆ ಅನುಕೂಲವಾಗಿದ್ದ ಏರ್ಪಾಡು ಮನೆಯ ಮೂಲೆಯಲ್ಲಿ ತೊಡಕಾಗುತ್ತದೆ.

ಹುಡುಕಾಟವನ್ನು ಕರೆಂಟಿನಿಂದಲೇ ಶುರುಮಾಡುವುದು ಒಳ್ಳೆಯದು. ಡಿಸ್ಕಿನ ಮೇಲೆ ಬೆರಳಿಟ್ಟರೆ ಸಣ್ಣ ಕಂಪನ ಗೊತ್ತಾಗಬೇಕು. ಅದಿಲ್ಲವೆಂದರೆ ತಟ್ಟೆಗಳು ತಿರುಗುತ್ತಲೇ ಇಲ್ಲ. ಸಾಟಾ ಡಿಸ್ಕಿನ ಪವರ್ ಕನೆಕ್ಟರಿನಲ್ಲಿ 15 ಪಿನ್‌ಗಳಿವೆ. ಒಂದರಿಂದ ಇನ್ನೊಂದಕ್ಕೆ 1.27 ಮಿ.ಮೀ. ಅಂತರ. ಮೊದಲ ಮೂರು ಪಿನ್‌ಗಳು 3.3 ವೋಲ್ಟ್‌ಗೆ ಮೀಸಲಾಗಿದ್ದವು, ಆದರೆ ಅದನ್ನು ಬಳಸುವ ಡಿಸ್ಕ್‌ಗಳು ಬಲು ಅಪರೂಪ. 2016ರಲ್ಲಿ ಬಂದ ಸಾಟಾ 3.3 ಆವೃತ್ತಿ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟಿತು. ಅಲ್ಲಿ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಬೇಕು. ಡೇಟಾ ಸೆಂಟರಿನಲ್ಲಿ ಡಿಸ್ಕೊಂದು ಹ್ಯಾಂಗ್ ಆದರೆ ಯಾರೂ ಎದ್ದುಹೋಗಿ ಅದನ್ನು ಕೀಳಬೇಕಿಲ್ಲ. ದೂರದಿಂದಲೇ ಕರೆಂಟು ತೆಗೆದು ಮತ್ತೆ ಕೊಡಬಹುದು.

ಹಳೆ ಎಸ್‌ಎಂಪಿಎಸ್‌ಗೆ ಈ ಬದಲಾವಣೆ ಗೊತ್ತಿಲ್ಲ. ಅದು ತನ್ನ ಪಾಡಿಗೆ ಮೂರನೇ ಪಿನ್ನಿಗೂ 3.3 ವೋಲ್ಟ್ ಹರಿಸುತ್ತದೆ. ‘ಆಫ್ ಆಗು’ ಎಂಬ ಆದೇಶ ನಿಲ್ಲದೆ ಬರುತ್ತಿದ್ದರೆ ಡಿಸ್ಕ್ ಏಳುವುದಾದರೂ ಹೇಗೆ? ಎಕ್ಸ್‌ಟರ್ನಲ್ ಡ್ರೈವ್‌ಗಳ ಕವಚ ಬಿಚ್ಚಿ ಒಳಗಿನ ಡಿಸ್ಕನ್ನು ಸರ್ವರ್‌ಗೆ ಹಾಕುವವರಿಗೆ ಇದು ಚೆನ್ನಾಗಿ ಗೊತ್ತಿರುವ ಕಾಟ. ಡೇಟಾ ಕನೆಕ್ಟರಿನ ಕಡೆಯಿಂದ ಎಣಿಸಿ ಮೂರನೇ ಪಿನ್ನಿನ ಮೇಲೆ ಕ್ಯಾಪ್ಟಾನ್ ಟೇಪಿನ ಸಣ್ಣ ಚೂರು ಅಂಟಿಸಿದರೆ ತಟ್ಟೆಗಳು ತಿರುಗತೊಡಗುತ್ತವೆ. ಹಳೆ ಮೋಲೆಕ್ಸ್ ಕನೆಕ್ಟರಿನಲ್ಲಿ 12 ಮತ್ತು 5 ವೋಲ್ಟ್ ಮಾತ್ರ ಇರುವುದರಿಂದ, ಮೋಲೆಕ್ಸ್‌ನಿಂದ ಸಾಟಾಗೆ ಹೋಗುವ ಅಡಾಪ್ಟರ್ ಹಾಕಿದರೂ ಸಾಕು.

ಡಿಸ್ಕ್ ತಿರುಗುತ್ತಿದೆ, ಆದರೂ ಕಾಣುತ್ತಿಲ್ಲ. ಆಗ ರೇಡ್ ಕಾರ್ಡಿನತ್ತ ನೋಡಬೇಕು. ಮಾಮೂಲಿ ಕಂಪ್ಯೂಟರಿನಲ್ಲಿ ಡಿಸ್ಕ್ ನೇರವಾಗಿ ಮದರ್‌ಬೋರ್ಡಿಗೆ ಸೇರಿದರೆ, ಆರ್710ನಂಥ ಸರ್ವರಿನಲ್ಲಿ ನಡುವೆ ಈ ಕಾರ್ಡು ಕೂತಿರುತ್ತದೆ. ಅವಿಭಕ್ತ ಕುಟುಂಬದ ಯಜಮಾನನಂತೆ, ಹೊರಗಿನವರ ಜೊತೆಗಿನ ವ್ಯವಹಾರವೆಲ್ಲ ಅದರದೇ. ಹಲವು ಡಿಸ್ಕ್‌ಗಳನ್ನು ಸೇರಿಸಿ ‘ವರ್ಚುವಲ್ ಡಿಸ್ಕ್’ ರಚಿಸುವವರೆಗೂ ಆಪರೇಟಿಂಗ್ ಸಿಸ್ಟಂಗೆ ಅದು ಏನನ್ನೂ ತೋರಿಸುವುದಿಲ್ಲ. ಬೂಟ್ ಆಗುವಾಗ ಕಂಟ್ರೋಲ್–ಆರ್ ಒತ್ತಿದರೆ ಕಾರ್ಡಿನ ಮೆನು ತೆರೆಯುತ್ತದೆ. ಕಾಣೆಯಾದ ಡಿಸ್ಕ್ ಅಲ್ಲಿನ ಪಟ್ಟಿಯಲ್ಲಿ ಸುಮ್ಮನೆ ಕೂತಿರುವುದುಂಟು.

ಕೆಲವು ಡಿಸ್ಕ್‌ಗಳ ಪಕ್ಕದಲ್ಲಿ ‘ಫಾರಿನ್’ ಎಂದು ಬರೆದಿರುತ್ತದೆ. ಬೇರೆ ಸರ್ವರಿನ ರೇಡ್ ಗುರುತು ಅದರಲ್ಲಿ ಉಳಿದಿದೆ ಎಂದರ್ಥ. ಯಾರದೋ ಡೇಟಾ ಇರಬಹುದೆಂದು ಕಾರ್ಡು ಅದನ್ನು ತಾನಾಗಿ ಮುಟ್ಟುವುದಿಲ್ಲ. ಹಳೆಯ ಫೈಲುಗಳು ಬೇಕಿದ್ದರೆ ಇಂಪೋರ್ಟ್, ಬೇಡವಾದರೆ ಕ್ಲಿಯರ್. ಅವಸರದಲ್ಲಿ ಕ್ಲಿಯರ್ ಒತ್ತಿದರೆ ಹಳೆಯದು ಮತ್ತೆ ಕೈಗೆ ಸಿಗುವುದು ಕಷ್ಟ.

ಇನ್ನೊಂದು ಮಿತಿ ಬರೀ ವಯಸ್ಸಿನದು. ಆರ್710 ಜೊತೆ ಬರುತ್ತಿದ್ದ ಪರ್ಕ್ 6/ಐ ಕಾರ್ಡು ಸೆಕ್ಟರ್‌ಗಳ ವಿಳಾಸಕ್ಕೆ 32 ಬಿಟ್‌ಗಳನ್ನಷ್ಟೇ ಬಳಸುತ್ತದೆ. ಸೆಕ್ಟರ್‌ಗೆ 512 ಬೈಟ್‌ನಂತೆ ಲೆಕ್ಕಹಾಕಿದರೆ ಸುಮಾರು 2.2 ಟಿಬಿಗೆ ವಿಳಾಸಗಳು ಮುಗಿಯುತ್ತವೆ. 4 ಟಿಬಿ ಡಿಸ್ಕಿನ ಪೂರ್ತಿ ಜಾಗ ಆ ಕಾರ್ಡಿಗೆ ಎಟಕುವುದಿಲ್ಲ. ಅದೇ ಸರ್ವರಿಗೆ ಪರ್ಕ್ ಎಚ್700 ಹಾಕಿದರೆ ಈ ತೊಂದರೆ ಇಲ್ಲ. ಡಿಸ್ಕ್‌ಗಳನ್ನು ನೇರವಾಗಿ ಸಿಸ್ಟಂಗೆ ಒಪ್ಪಿಸುವ ಎಚ್‌ಬಿಎ ಕಾರ್ಡು ಹಾಕಿ, ರೇಡ್ ಕೆಲಸವನ್ನು ಝಡ್‌ಎಫ್‌ಎಸ್‌ನಂಥ ಸಾಫ್ಟ್‌ವೇರಿಗೆ ಬಿಡುವವರೂ ಇದ್ದಾರೆ.

ಎಚ್‌ಬಿಎ ಹಾಕಿದ ಮೇಲೂ ಒಂದು ವಿಚಿತ್ರ ಕಾದಿರಬಹುದು. ಲಿನಕ್ಸ್ ಪಟ್ಟಿಯಲ್ಲಿ ಡಿಸ್ಕಿನ ಹೆಸರಿದೆ, ಗಾತ್ರ ಮಾತ್ರ ಸೊನ್ನೆ! ಕರ್ನೆಲ್ ಲಾಗ್ ತೆರೆದರೆ ‘520 ಬೈಟ್ ಸೆಕ್ಟರ್‌ಗೆ ಬೆಂಬಲವಿಲ್ಲ’ ಎಂಬರ್ಥದ ಸಾಲೊಂದು ಸಿಗುತ್ತದೆ. ನೆಟ್‌ಆ್ಯಪ್, ಇಎಂಸಿ ಕಂಪನಿಗಳ ಸ್ಟೋರೇಜ್ ಯಂತ್ರಗಳಿಂದ ಕಳಚಿ ಮಾರಿದ ಎಸ್‌ಎಎಸ್ ಡಿಸ್ಕ್‌ಗಳ ಲಕ್ಷಣ ಇದು. ಬರೆದದ್ದೇ ವಾಪಸ್ ಬಂದಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್‌ಗೆಂದು ಆ ಯಂತ್ರಗಳು ಪ್ರತಿ 512 ಬೈಟ್‌ಗೆ ಇನ್ನೂ 8 ಬೈಟ್ ಸೇರಿಸಿಕೊಳ್ಳುತ್ತವೆ. ಲಿನಕ್ಸ್ ಇಂಥ ಡಿಸ್ಕನ್ನು ಬಳಸಲು ಒಲ್ಲದಿದ್ದರೂ, ಮರುಫಾರ್ಮ್ಯಾಟ್ ಮಾಡಲಿ ಎಂದು ದಾರಿ ತೆರೆದಿಟ್ಟಿರುತ್ತದೆ. ‘ಎಸ್‌ಜಿ ಫಾರ್ಮ್ಯಾಟ್’ ಎಂಬ ಉಪಕರಣಕ್ಕೆ ಗಾತ್ರ 512 ಎಂದು ತಿಳಿಸಿದರೆ ಡಿಸ್ಕ್ ತನ್ನ ಸೆಕ್ಟರ್‌ಗಳನ್ನೆಲ್ಲ ಹೊಸದಾಗಿ ಹಾಸಿಕೊಳ್ಳುತ್ತದೆ. ಒಳಗಿದ್ದ ಡೇಟಾ ಪೂರ್ತಿ ಹೋಗುತ್ತದೆ. ದೊಡ್ಡ ಡಿಸ್ಕಿಗೆ ಹಲವು ಗಂಟೆ ಬೇಕು; ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು. ಯುಪಿಎಸ್ ಇದ್ದರೆ ಕ್ಷೇಮ.

ಡಿಸ್ಕ್, ಕಾರ್ಡು ಎಲ್ಲ ಸರಿಯಿದ್ದೂ ಡ್ರೈವರ್ ಕೈಕೊಡುವುದುಂಟು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಹಳೆಯ ಹಲವು ಸ್ಟೋರೇಜ್ ಕಾರ್ಡುಗಳ ಬೆಂಬಲವನ್ನು ಕೈಬಿಟ್ಟಿತು. ಮನೆ ಸರ್ವರಿನವರು ಬಹಳ ನೆಚ್ಚಿಕೊಂಡ ಎಲ್‌ಎಸ್‌ಐ ಎಸ್‌ಎಎಸ್2008 ಚಿಪ್ಪೂ ಆ ಪಟ್ಟಿಯಲ್ಲಿತ್ತು. ಪಿಸಿಐ ಪಟ್ಟಿಯಲ್ಲಿ ಕಾರ್ಡು ಕಾಣುತ್ತದೆ, ಅದರ ಹಿಂದಿನ ಡಿಸ್ಕ್‌ಗಳು ಕಾಣುವುದಿಲ್ಲ. ಡೆಬಿಯನ್‌ನ ಲೈವ್ ಪೆನ್‌ಡ್ರೈವ್‌ನಿಂದ ಅದೇ ಯಂತ್ರವನ್ನು ಬೂಟ್ ಮಾಡಿ ನೋಡಿದರೆ ತಪ್ಪು ಎಲ್ಲಿದೆಯೆಂದು ಬೇಗ ತಿಳಿಯುತ್ತದೆ. ಅಲ್ಲಿ ಡಿಸ್ಕ್‌ಗಳು ಸಾಲಾಗಿ ಬಂದರೆ ಕೇಬಲ್, ಕಾರ್ಡು ಕಿತ್ತು ನೋಡುವ ಅಗತ್ಯವಿಲ್ಲ. ಇನ್‌ಸ್ಟಾಲರಿಗೆ ಆ ಚಿಪ್ಪಿನ ಡ್ರೈವರ್ ಬೇರೆಯಾಗಿ ಒದಗಿಸಬೇಕು, ಇಲ್ಲವೇ ಡೆಬಿಯನ್ನನ್ನೇ ಹಾಕಿಕೊಳ್ಳಬೇಕು.